ಒಂದೇ ಕಾರ್ಡ್‌ಗೆ ಹತ್ತು ಬೆಲೆ ಕಾಣಿಸುತ್ತಿದೆ, ಯಾವುದನ್ನು ನಂಬಬೇಕು?

ಹಳೆಬೈಂಡರ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪೋಕೆಮಾನ್ ಕಾರ್ಡ್‌ಗಳ ಮೊದಲ ಸೆಟ್ ಆದ ಬೇಸ್ ಸೆಟ್‌ನ ಚಾರಿಜಾರ್ಡ್ ಕಾರ್ಡ್ ಇದೆ. ಇಂಗ್ಲಿಷ್, ಹೊಲೊ (ಚಿತ್ರ ಹೊಳೆಯುವಂಥದ್ದು), ಕೆಳಗೆ 4/102 ಅಂತಿದೆ. ಈಗಲೇ ಮಾರುವ ಯೋಚನೆ ಇಲ್ಲ. ಆದರೆ ಇದರ ಬೆಲೆ ಎಷ್ಟು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ಹುಡುಕಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಚಿತ್ರ ಒಂದೇ, ನಂಬರ್ ಒಂದೇ. ಆದರೂ ಒಬ್ಬರು ಕೇಳುವ ಬೆಲೆ ಇನ್ನೊಬ್ಬರದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. 2022ರಲ್ಲಿ ಒಂದು ಚಾರಿಜಾರ್ಡ್ 4,20,000 ಡಾಲರ್‌ಗೆ ಹೋಗಿದೆ ಅಂತಲೂ ಓದಿದೆ. ನನ್ನದರ ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು?

ಲೂಪ್‌ಕಣ್ಣು

ಬೆಲೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಸರ್. ಕಾರ್ಡ್ ಯಾವುದು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಬೇಸ್ ಸೆಟ್ ಚಾರಿಜಾರ್ಡ್ ಅಂದರೆ ಒಂದು ಕಾರ್ಡ್ ಅಲ್ಲ. ಒಂದೇ ಚಿತ್ರದ ಹಲವು ಮುದ್ರಣಗಳಿವೆ, ಒಂದೊಂದಕ್ಕೂ ಬೇರೆ ಮಾರುಕಟ್ಟೆ.

ಚಿತ್ರದ ಚೌಕಟ್ಟಿನ ಕೆಳಗೆ ಎಡಗಡೆ ನೋಡಿ. ಅಲ್ಲಿ ಕಪ್ಪು ಬಣ್ಣದ "ಎಡಿಷನ್ 1" ಮುದ್ರೆ ಇದ್ದರೆ ಅದು ಫಸ್ಟ್ ಎಡಿಷನ್. ಮುದ್ರೆ ಇಲ್ಲದಿದ್ದರೆ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ಬೂದು ನೆರಳು ಇಲ್ಲದಿದ್ದರೆ ಅದನ್ನು ಶ್ಯಾಡೋಲೆಸ್ ಅನ್ನುತ್ತಾರೆ. ನೆರಳು ಇದ್ದರೆ ಅನ್‌ಲಿಮಿಟೆಡ್, ಅಂದರೆ ಎಲ್ಲಕ್ಕಿಂತ ಹೆಚ್ಚು ಅಚ್ಚಾದದ್ದು.

ನೆರಳು ನೋಡಿ ಅನುಮಾನ ಬಂದರೆ ತೀರಾ ಕೆಳಗಿನ ಸಣ್ಣ ಅಕ್ಷರದ ಕಾಪಿರೈಟ್ ಸಾಲಿಗೆ ಭೂತಗನ್ನಡಿ ಹಿಡಿಯಿರಿ. ಫಸ್ಟ್ ಎಡಿಷನ್ ಮತ್ತು ಶ್ಯಾಡೋಲೆಸ್‌ನಲ್ಲಿ ನಿಂಟೆಂಡೊ ಹೆಸರಿನ ಮುಂಚೆ 1995, 96, 98, 99 ಅಂತಿರುತ್ತದೆ. ಹೆಚ್ಚಿನ ಅನ್‌ಲಿಮಿಟೆಡ್ ಪ್ರತಿಗಳಲ್ಲಿ 98ಕ್ಕೇ ನಿಲ್ಲುತ್ತದೆ. ನೆರಳನ್ನು ಮಸುಕು ಫೋಟೊದಲ್ಲಿ ತಪ್ಪಾಗಿ ಓದಬಹುದು, ಈ ಸಾಲನ್ನು ಹಾಗೆ ಓದಲು ಆಗುವುದಿಲ್ಲ.

ಇನ್ನೊಂದು ವಿಷಯ. 2021ರಲ್ಲಿ ಪೋಕೆಮಾನ್‌ನ 25ನೇ ವರ್ಷಕ್ಕೆ ಸೆಲೆಬ್ರೇಷನ್ಸ್ ಅಂತ ಒಂದು ಸೆಟ್ ಬಂತು. ಅದರಲ್ಲೂ ಇದೇ ಚಾರಿಜಾರ್ಡ್ ಇದೆ, ಅದೇ 4/102 ನಂಬರ್‌ನಲ್ಲಿ. ಗುರುತು ಅಂದರೆ ಚಿತ್ರದ ಮೂಲೆಯಲ್ಲಿ ಸಣ್ಣ 25ರ ಮುದ್ರೆ. ನಂಬರ್ ಟೈಪ್ ಮಾಡಿ ಹುಡುಕಿದಾಗ ಅದೂ ಬಂದು ಸೇರಿಕೊಳ್ಳುತ್ತದೆ. ನಿಮಗೆ ಹತ್ತು ಬೆಲೆ ಕಂಡದ್ದಕ್ಕೆ ಇದೂ ಒಂದು ಕಾರಣ.

ಆ 4,20,000 ಡಾಲರ್‌ನದ್ದು ಫಸ್ಟ್ ಎಡಿಷನ್, ಅದೂ ಪಿಎಸ್‌ಎ 10. ಅಂದರೆ ಕಾರ್ಡ್‌ನ ಸ್ಥಿತಿ ನೋಡಿ ದರ್ಜೆ ಕೊಡುವ (ಗ್ರೇಡಿಂಗ್) ಪಿಎಸ್‌ಎ ಕಂಪನಿಯ ಅತಿ ಮೇಲಿನ ದರ್ಜೆ. ಎರಡೂ ಸೇರಿದ್ದಕ್ಕೆ ಆ ಬೆಲೆ.

ಶೂನ್ಯ57

ಮೇಲಿನವರು ಹೇಳಿದ್ದು ಮುಗಿದ ಮೇಲೆ ಬೆಲೆಗೆ ಬನ್ನಿ. ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆಯನ್ನು ನೋಡಲೇಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು, ಆ ಬೆಲೆಗೆ ಯಾರೂ ಕೊಳ್ಳದೇ ಇದ್ದದ್ದಕ್ಕೇ ಅದು ಇನ್ನೂ ಅಲ್ಲಿದೆ. ಇಬೇನಲ್ಲಿ "ಸೋಲ್ಡ್" ಅಂತ ಫಿಲ್ಟರ್ ಹಾಕಿದರೆ ನಿಜವಾಗಿ ಕೈಬದಲಾದ ಕಾರ್ಡ್‌ಗಳು ಮಾತ್ರ ಉಳಿಯುತ್ತವೆ.

ಅಲ್ಲೂ ಒಂದು ಸೂಕ್ಷ್ಮ ಇದೆ. "ಬೆಸ್ಟ್ ಆಫರ್" ಒಪ್ಪಿಕೊಂಡ ಮಾರಾಟಗಳಲ್ಲಿ ಕೇಳಿದ ಬೆಲೆಯ ಮೇಲೆ ಅಡ್ಡಗೆರೆ ಎಳೆದು ತೋರಿಸುತ್ತಾರೆ. ನಿಜವಾಗಿ ಕೊಟ್ಟದ್ದು ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಅಂತ ಅಲ್ಲಿ ಕಾಣುವುದಿಲ್ಲ. 130ಪಾಯಿಂಟ್ ತರಹದ ತಾಣಗಳಲ್ಲಿ ಒಪ್ಪಿದ ಮೊತ್ತ ಸಿಗುತ್ತದೆ. ಅಡ್ಡಗೆರೆಯ ಬೆಲೆಗಳನ್ನೇ ಸೇರಿಸಿ ಸರಾಸರಿ ತೆಗೆದವರ ಲೆಕ್ಕ ಯಾವಾಗಲೂ ಮೇಲಕ್ಕೇ ಇರುತ್ತದೆ.

ಆಮೇಲೆ ತಾರೀಖು. ಇದಕ್ಕೆ ನನಗೆ ಗೊತ್ತಿರುವ ಸ್ಪಷ್ಟ ಉದಾಹರಣೆ ಫ್ಲೀರ್ ಕಂಪನಿಯ 1986ರ ಮೈಕಲ್ ಜೋರ್ಡನ್ ಬ್ಯಾಸ್ಕೆಟ್‌ಬಾಲ್ ಕಾರ್ಡ್, 57ನೇ ನಂಬರ್. 2021ರ ಜನವರಿ ಕೊನೆಗೆ ಪಿಎಸ್‌ಎ 10 ದರ್ಜೆಯ ಎರಡು ಪ್ರತಿಗಳು ಒಂದೇ ಹರಾಜಿನಲ್ಲಿ ತಲಾ 7,38,000 ಡಾಲರ್‌ಗೆ ಹೋದವು. ಅದೇ ವರ್ಷ ಕೆಲವೇ ತಿಂಗಳಲ್ಲಿ ಅದೇ ದರ್ಜೆಯ ಕಾರ್ಡ್ ಅರ್ಧಕ್ಕಿಂತ ಕೆಳಗೆ ಬಂತು. ಕಾರ್ಡ್‌ನಲ್ಲಿ ಏನೂ ಬದಲಾಗಿರಲಿಲ್ಲ. ಆ ದಾಖಲೆ ಬೆಲೆ ಸುಳ್ಳೂ ಅಲ್ಲ. ಅದು ಆ ವಾರದ ಬೆಲೆ, ಅಷ್ಟೇ. ಇವತ್ತಿಗೂ ಅದನ್ನೇ ತೋರಿಸಿ ಮಾರಲು ಬರುವವರಿದ್ದಾರೆ.

ಹಾಗಾಗಿ ಅದೇ ಮುದ್ರಣ, ಅದೇ ದರ್ಜೆ, ಕಳೆದ ಎರಡು ಮೂರು ತಿಂಗಳ ಮಾರಾಟ. ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು ನಡುವೆ ಗುಂಪಾಗಿರುವುದನ್ನು ನೋಡಿ. ಸಿಗುವುದು ಒಂದು ಸಂಖ್ಯೆ ಅಲ್ಲ, ಇಷ್ಟರಿಂದ ಇಷ್ಟು ಅನ್ನುವ ಒಂದು ಅಂತರ.

ಕಪ್ಪುತಾವರೆ

ಶೂನ್ಯ57 ಹೇಳಿದ್ದು ಚಾರಿಜಾರ್ಡ್‌ಗೆ ಸರಿ, ಏಕೆಂದರೆ ಅದು ದಿನಾ ಮಾರಾಟವಾಗುತ್ತದೆ. ನಿಜವಾಗಿ ಅಪರೂಪದ ಕಾರ್ಡ್‌ಗೆ ಈ ದಾರಿ ಅರ್ಧಕ್ಕೇ ನಿಂತುಬಿಡುತ್ತದೆ. ಕಳೆದ ಎರಡು ತಿಂಗಳಲ್ಲಿ ಒಂದೂ ಮಾರಾಟ ಇಲ್ಲದಿದ್ದರೆ ಯಾವುದರ ನಡುವನ್ನು ತೆಗೆಯುವುದು?

ನಾನು ಮ್ಯಾಜಿಕ್ (ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಆಟ) ಕಾರ್ಡ್‌ಗಳ ಕಡೆಯವನು. 1993ರ ಆಲ್ಫಾ ಮುದ್ರಣದಲ್ಲಿ ಬ್ಲ್ಯಾಕ್ ಲೋಟಸ್ ಸುಮಾರು 1,100 ಅಚ್ಚಾಯಿತು. ಮುಂದಿನ ಬೀಟಾದಲ್ಲಿ ಹೆಚ್ಚುಕಡಿಮೆ ಅದರ ಮೂರು ಪಟ್ಟು. ಆಗ ಅದನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ, ಕಲೆಸಿ ಆಡಿದರು. ಒಳ್ಳೆಯ ಸ್ಥಿತಿಯ ಆಲ್ಫಾ ಪ್ರತಿ ಹೊರಗೆ ಬರುವುದೇ ಅಪರೂಪ. ಬಂದಾಗ ಅದಕ್ಕೆ ಹೋಲಿಸಲು ಅದೇ ದರ್ಜೆಯ ಇನ್ನೊಂದು ಇರುವುದಿಲ್ಲ.

ಆಗ ನಾವು ಪಕ್ಕದ ಕಾರ್ಡ್‌ಗಳಿಂದ ಲೆಕ್ಕ ಹಾಕುತ್ತೇವೆ. ಹಿಂದಿನ ಸಲ ಇದೇ ಕಾರ್ಡ್ ಮಾರಾಟವಾದಾಗ ಆಲ್ಫಾದ ಬೇರೆ ದೊಡ್ಡ ಕಾರ್ಡ್‌ಗಳು, ಮಾಕ್ಸ್‌ಗಳು, ಏನ್ಸೆಸ್ಟ್ರಲ್ ರೀಕಾಲ್, ಎಷ್ಟಿದ್ದವು? ಈಗ ಅವು ಎಷ್ಟಿವೆ? ಅವು ಕಾಲು ಭಾಗ ಇಳಿದಿದ್ದರೆ ಲೋಟಸ್ ಕೂಡ ಹೆಚ್ಚುಕಡಿಮೆ ಆ ದಾರಿಯಲ್ಲೇ ಇರುತ್ತದೆ. ಎರಡನೆಯದು ದರ್ಜೆಗಳ ನಡುವಿನ ಅನುಪಾತ. 7ಕ್ಕೂ 8ಕ್ಕೂ ಸಾಮಾನ್ಯವಾಗಿ ಎಷ್ಟು ಪಟ್ಟು ವ್ಯತ್ಯಾಸ ಇರುತ್ತದೆ ಅಂತ ಗೊತ್ತಿದ್ದರೆ, ಒಂದರ ಮಾರಾಟದಿಂದ ಇನ್ನೊಂದನ್ನು ಅಂದಾಜು ಮಾಡಬಹುದು.

ಮೂರನೆಯದನ್ನು ಜನ ಮರೆಯುತ್ತಾರೆ, ನನ್ನ ಪ್ರಕಾರ ಮುಖ್ಯವಾದದ್ದೇ ಅದು. ಹರಾಜಿನ ಕೊನೆಯ ಬೆಲೆಯನ್ನು ನಿಲ್ಲಿಸುವುದು ಗೆದ್ದವರಲ್ಲ, ಎರಡನೆಯವರು. ಗೆದ್ದವರು ಅವರಿಗಿಂತ ಒಂದು ಮೆಟ್ಟಿಲು ಮೇಲೆ ಹೋದರು, ಅಷ್ಟೇ. ಒಂದು ಕಾರ್ಡ್‌ಗಾಗಿ ಇಬ್ಬರು ಮಾತ್ರ ಪಟ್ಟು ಹಿಡಿದು ಕೂತಿದ್ದರು ಅಂತಿಟ್ಟುಕೊಳ್ಳಿ. ಗೆದ್ದವರಿಗೆ ಕಾರ್ಡ್ ಸಿಕ್ಕಿತು, ಅವರು ಇನ್ನು ಮುಂದೆ ಬರುವುದಿಲ್ಲ. ಆರು ತಿಂಗಳ ಮೇಲೆ ಎರಡನೇ ಪ್ರತಿ ಹೊರಬಂದರೆ ಹಿಂದಿನ ಸಲ ಸೋತವರು ಇರುತ್ತಾರೆ, ಆದರೆ ಅವರ ಎದುರು ಏರಿಸುವವರು ಇಲ್ಲ. ಬೆಲೆ ಈಗ ಮೂರನೆಯವರ ಮಿತಿಯ ಹತ್ತಿರ ನಿಲ್ಲುತ್ತದೆ. ದೊಡ್ಡ ದಾಖಲೆ ಆದ ಮೇಲೆ ಎರಡನೇ ಪ್ರತಿ ಕಡಿಮೆಗೆ ಹೋಗುವುದು ಇದಕ್ಕೇ. ಸಾಧ್ಯವಾದರೆ ಎಷ್ಟು ಜನ ಕೂಗಿದರು, ಯಾವ ಮೊತ್ತದವರೆಗೆ ಹಲವರು ಉಳಿದಿದ್ದರು ಅಂತ ಬಿಡ್ ಇತಿಹಾಸ ನೋಡಿ. ನಾಲ್ಕೈದು ಜನ ಉಳಿದಿದ್ದ ಮೊತ್ತವೇ ನಾನು ನಂಬುವ ಬೆಲೆ.

ಪಿಕಾಚು ಇಲಸ್ಟ್ರೇಟರ್ ಅನ್ನುವ ಪೋಕೆಮಾನ್ ಕಾರ್ಡ್ ಇದರ ಕೊನೆಯ ತುದಿ. ಜಪಾನಿನ ಕೊರೊಕೊರೊ ಪತ್ರಿಕೆಯ ಚಿತ್ರ ಸ್ಪರ್ಧೆಗಳಲ್ಲಿ ಗೆದ್ದವರಿಗೆ 1997-98ರಲ್ಲಿ ಕೊಟ್ಟದ್ದು 39 ಪ್ರತಿ. ಅದರಲ್ಲಿ ಪಿಎಸ್‌ಎ 10 ಪಡೆದದ್ದು ಒಂದೇ ಒಂದು, ಅದನ್ನು 2021ರಲ್ಲಿ ಯೂಟ್ಯೂಬರ್ ಲೋಗನ್ ಪಾಲ್ 52,75,000 ಡಾಲರ್ ಲೆಕ್ಕದಲ್ಲಿ ಕೊಂಡರು. ಆ ಒಪ್ಪಂದದಲ್ಲಿ ಪಿಎಸ್‌ಎ 9 ದರ್ಜೆಯ ಇನ್ನೊಂದು ಇಲಸ್ಟ್ರೇಟರನ್ನೂ ಕೊಟ್ಟಿದ್ದರು. ಇದು ಇಬ್ಬರ ನಡುವಿನ ಒಪ್ಪಂದ. ಇದನ್ನಿಟ್ಟುಕೊಂಡು 7 ದರ್ಜೆಯ ಇಲಸ್ಟ್ರೇಟರ್‌ಗೆ ಬೆಲೆ ಕಟ್ಟುವುದು ತಪ್ಪು.

ಬೇಸ್‌ಬಾಲ್‌ತಾತ

ಚೆನ್ನಾಗಿ ಹೇಳಿದಿರಿ. ನಾನು ಸೇರಿಸುವುದು ಒಂದೇ. ಅಪರೂಪ ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ.

1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬಂದ ಟಿ206 ಅನ್ನುವ ಬೇಸ್‌ಬಾಲ್ ಸೆಟ್‌ನ ಹೋನಸ್ ವ್ಯಾಗ್ನರ್ ಕಾರ್ಡ್ ಎಲ್ಲರಿಗೂ ಗೊತ್ತು. ಉಳಿದಿರುವುದು ಸುಮಾರು 50-60 ಪ್ರತಿ ಅನ್ನುತ್ತಾರೆ. 2021ರಲ್ಲಿ ಒಂದು 66 ಲಕ್ಷ ಡಾಲರ್‌ಗೆ, 2022ರಲ್ಲಿ ಇನ್ನೊಂದು 72.5 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಅದೇ ಸೆಟ್‌ನಲ್ಲಿ ಜೋ ಡಾಯ್ಲ್ ಅನ್ನುವ ಆಟಗಾರನ ಒಂದು ತಪ್ಪು ಮುದ್ರಣ ಇದೆ. ಗೊತ್ತಿರುವ ಪ್ರತಿಗಳು ವ್ಯಾಗ್ನರ್‌ಗಿಂತ ಎಷ್ಟೋ ಕಡಿಮೆ. ಅದೂ ದುಬಾರಿಯೇ, ಆದರೆ ವ್ಯಾಗ್ನರ್ ಹತ್ತಿರಕ್ಕೂ ಬರುವುದಿಲ್ಲ. ವ್ಯಾಗ್ನರ್ ಬೇಕು ಅನ್ನುವವರು ಬೇಸ್‌ಬಾಲ್ ನೋಡದವರಲ್ಲೂ ಇದ್ದಾರೆ. ಡಾಯ್ಲ್ ಬೇಕು ಅನ್ನುವವರು ಆ ಸೆಟ್ ಪೂರ್ತಿ ಮಾಡಲು ಹೊರಟವರು ಮಾತ್ರ.

ಈಗಿನ ಕಾರ್ಡ್‌ಗಳಲ್ಲಿ 1/1 ಅಂತ ಅಚ್ಚು ಹಾಕಿ ಕೊಡುತ್ತಾರೆ. ಜಗತ್ತಿಗೆ ಒಂದೇ ಅನ್ನುವುದು ನಿಜ. ಆದರೆ ಯಾರಿಗೂ ನೆನಪಿಲ್ಲದ ಆಟಗಾರನದ್ದಾದರೆ ಕೇಳುವವರೂ ಒಬ್ಬರೇ ಇರಬಹುದು, ಇಲ್ಲದೆಯೂ ಇರಬಹುದು. ಇದರ ಉಲ್ಟಾ ನೋಡಿ. ಅಪ್ಪರ್ ಡೆಕ್ ಕಂಪನಿಯ 1989ರ ಕೆನ್ ಗ್ರಿಫಿ ಜೂನಿಯರ್ ಬೇಸ್‌ಬಾಲ್ ಕಾರ್ಡ್ ಲೆಕ್ಕವಿಲ್ಲದಷ್ಟು ಅಚ್ಚಾಗಿದೆ, ಪಿಎಸ್‌ಎ 10 ದರ್ಜೆಯವೇ ಸಾವಿರಾರು ಇವೆ. ಆದರೂ ಬೇಕು ಅನ್ನುವವರು ಅಷ್ಟು ಇರುವುದರಿಂದ ಅದು ಇವತ್ತಿಗೂ ಸಲೀಸಾಗಿ ಮಾರಾಟವಾಗುತ್ತದೆ. ಅದೇ ಕಾಲದ ಬೇರೆ ಆಟಗಾರರ ಕಾರ್ಡ್‌ಗಳನ್ನು ಡಬ್ಬಿಗಟ್ಟಲೆ ಕೊಟ್ಟರೂ ತೆಗೆದುಕೊಳ್ಳುವವರಿಲ್ಲ.

ಸ್ಲ್ಯಾಬ್‌ಪ್ರಿಯ

ಇಷ್ಟೆಲ್ಲ ಮಾತಾಡುವ ಬದಲು ಹಳೆಬೈಂಡರ್ ಅವರು ಕಾರ್ಡನ್ನು ಗ್ರೇಡಿಂಗ್‌ಗೆ ಕಳಿಸಲಿ. ದರ್ಜೆ ಬಂದರೆ ಬೆಲೆ ತಾನಾಗೇ ಗೊತ್ತಾಗುತ್ತದೆ. ಗ್ರೇಡ್ ಆಗದ ಕಾರ್ಡ್ ಬಗ್ಗೆ ನಾವು ಹೇಳುವುದೆಲ್ಲ ಊಹೆ.

ಶೂನ್ಯ57

ಒಪ್ಪುವುದಿಲ್ಲ. ಕಳಿಸುವ ಮುಂಚೆ ಅಂದಾಜು ಇರಬೇಕು, ಇಲ್ಲದಿದ್ದರೆ ಖರ್ಚು ಗಿಟ್ಟುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಗ್ರೇಡ್ ಆಗದ ಕಾರ್ಡ್ ಬೆಲೆ 100, 8 ಬಂದರೆ 110, 9 ಬಂದರೆ 200, 10 ಬಂದರೆ 1,000, ಕಳಿಸುವ ಖರ್ಚು 40 ಅಂತಿರಲಿ. ಹತ್ತರಲ್ಲಿ ಒಂದು ಸಲ 10, ನಾಲ್ಕು ಸಲ 9, ಐದು ಸಲ 8 ಬರುತ್ತದೆ ಅಂದರೆ ಸರಾಸರಿ 235. ಖರ್ಚು ಕಳೆದು 195, ಲಾಭ. ಈಗ 10 ಬರುವ ಸಾಧ್ಯತೆಯನ್ನು ತೆಗೆದುಬಿಡಿ. ಮೂರು ಸಲ 9, ಏಳು ಸಲ 8. ಸರಾಸರಿ 137, ಖರ್ಚು ಕಳೆದರೆ 97. ಕಳಿಸದೆ ಇದ್ದಿದ್ದರೇ ಮೂರು ಉಳಿಯುತ್ತಿತ್ತು. ಪೂರ್ತಿ ಲೆಕ್ಕ ನಿಂತಿರುವುದು ಆ ಒಂದು 10ರ ಮೇಲೆ.

ಶುಲ್ಕವೂ ಒಂದೇ ಸಮ ಇರುವುದಿಲ್ಲ, ಕಾರ್ಡ್ ಬೆಲೆ ಹೆಚ್ಚಿದಂತೆ ಪಿಎಸ್‌ಎ ಶುಲ್ಕದ ಹಂತವೂ ಏರುತ್ತದೆ. ಕಾಯುವ ಕಾಲದ್ದು ಇನ್ನೊಂದು ಕಥೆ. 2021ರಲ್ಲಿ ಒಂದು ಕೋಟಿಗೂ ಹೆಚ್ಚು ಕಾರ್ಡ್ ಬಾಕಿ ಬಿದ್ದು ಪಿಎಸ್‌ಎ ಹೆಚ್ಚಿನ ಸೇವೆಗಳನ್ನೇ ಕೆಲವು ತಿಂಗಳು ನಿಲ್ಲಿಸಿತ್ತು.

ಇನ್ನೊಂದು. ಗ್ರೇಡ್ ಆಗದ ಕಾರ್ಡ್‌ಗಳ ಮಾರಾಟ ಬೆಲೆಯಲ್ಲೇ ಒಂದು ಸುಳಿವಿದೆ. 10 ಬರುತ್ತದೆ ಅನಿಸಿದ್ದರೆ ಮಾರುವವರೇ ಕಳಿಸುತ್ತಿದ್ದರು, ಅಲ್ವಾ? ಹಾಗೇ ಮಾರಾಟಕ್ಕೆ ಬಂದಿರುವುದರಲ್ಲಿ ಹೆಚ್ಚಿನವು 10 ಬರಲಾರದ ಕಾರ್ಡ್‌ಗಳು. ಕೊಳ್ಳುವವರಿಗೂ ಇದು ಗೊತ್ತು. "ಗ್ರೇಡ್ ಮಾಡಿಸಿದರೆ ಪಕ್ಕಾ 10" ಅಂತ ಬರೆದು ಮಾರುವುದನ್ನು ನಂಬಬೇಡಿ.

ಸ್ಲ್ಯಾಬ್‌ಪ್ರಿಯ

ಲೆಕ್ಕ ಒಪ್ಪಿದೆ. ಹಾಗಾದರೆ 10 ಬರುತ್ತದಾ ಅಂತ ಮನೆಯಲ್ಲೇ ನೋಡುವುದು ಹೇಗೆ ಅಂತ ಹೇಳುತ್ತೇನೆ.

ಕಾರ್ಡನ್ನು ಪ್ಲಾಸ್ಟಿಕ್ ಸ್ಲೀವ್‌ನಿಂದ ಹೊರಗೆ ತೆಗೆಯಿರಿ, ಅಂಚು ಮಾತ್ರ ಹಿಡಿಯಿರಿ. ಕೋಣೆಯ ದೊಡ್ಡ ದೀಪ ಆರಿಸಿ, ಒಂದೇ ಬೆಳಕು ಪಕ್ಕದಿಂದ ಬೀಳಲಿ. ಕಾರ್ಡನ್ನು ನಿಧಾನವಾಗಿ ವಾಲಿಸಿ. ನೇರ ಬೆಳಕಿನಲ್ಲಿ ಕಾಣದ ಗೀರು ಹೊಲೊ ಭಾಗದಲ್ಲಿ ಕೂದಲೆಳೆಯಂತೆ ಎದ್ದು ಕಾಣುತ್ತದೆ. ಹಾಗೇ ಸಣ್ಣ ಮಡಿಕೆ, ಉಗುರಿನ ತಗ್ಗು. ಆಮೇಲೆ ಹಿಂಬದಿ. ನೀಲಿ ಅಂಚಿನಲ್ಲಿ ಬಿಳಿ ಚುಕ್ಕೆ ಬಿಟ್ಟಿದೆಯಾ, ಮುಖ್ಯವಾಗಿ ನಾಲ್ಕು ಮೂಲೆಯಲ್ಲಿ. ಕೊನೆಗೆ ಸೆಂಟರಿಂಗ್, ಅಂದರೆ ಅಚ್ಚು ಸರಿಯಾಗಿ ನಡುವೆ ಕೂತಿದೆಯಾ ಅಂತ. ಎಡ ಬಲ ಅಂಚಿನ ಹಳದಿ ಅಗಲವನ್ನು ಅಳೆಯಿರಿ. ಎರಡೂ ಒಂದೇ ಇದ್ದರೆ 50/50. ಒಂದು ಕಡೆ 3 ಮಿಮೀ, ಇನ್ನೊಂದು ಕಡೆ 2 ಮಿಮೀ ಇದ್ದರೆ 60/40. ಮೇಲೆ ಕೆಳಗೂ ಹೀಗೇ.

ಮಡಿಕೆ ಒಂದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ 10ರ ಮಾತು ಬಿಡಿ. ದರ್ಜೆ ತುಂಬಾ ಕೆಳಕ್ಕೆ ಹೋಗುತ್ತದೆ.

ಪಾಪ್ಯುಲೇಷನ್ ರಿಪೋರ್ಟ್ ಬಗ್ಗೆಯೂ ಹೇಳಬೇಕು. ಈ ದರ್ಜೆಯಲ್ಲಿ ಎಷ್ಟು ಕಾರ್ಡ್ ಇವೆ ಅಂತ ಗ್ರೇಡಿಂಗ್ ಕಂಪನಿಗಳು ಲೆಕ್ಕ ಕೊಡುತ್ತವೆ. ಉಪಯೋಗ ಇದೆ, ಆದರೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ದರ್ಜೆ ಬರೆದು ಮುಚ್ಚಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆ (ಸ್ಲ್ಯಾಬ್) ಒಡೆದು ಒಂದೇ ಕಾರ್ಡನ್ನು ಹೆಚ್ಚಿನ ದರ್ಜೆಗಾಗಿ ಮತ್ತೆ ಕಳಿಸುತ್ತಾರೆ, ಹಳೇ ಲೇಬಲ್ ವಾಪಸ್ ಕೊಡದಿದ್ದರೆ ಎರಡು ಸಲ ಎಣಿಕೆಯಾಗುತ್ತದೆ. ಇನ್ನು "ಪಾಪ್ 3" (ಈ ದರ್ಜೆಯಲ್ಲಿ ಮೂರೇ ಇವೆ) ಅಂತ ಜಂಬದಿಂದ ಹಾಕಿದ ಅಗ್ಗದ ಕಾರ್ಡ್ ನೋಡಿದರೆ, ಕಳಿಸುವಷ್ಟು ಬೆಲೆ ಅದಕ್ಕೆ ಇಲ್ಲದ್ದಕ್ಕೆ ಯಾರೂ ಕಳಿಸಿಲ್ಲ ಅಂತಲೂ ಇರಬಹುದು.

ಬೇಸ್‌ಬಾಲ್‌ತಾತ

ಸ್ಲ್ಯಾಬ್ ಮೇಲೆ ಅಷ್ಟು ಭರವಸೆ ಇಟ್ಟವರಿಗೆ ಒಂದು ಹಳೇ ವಿಷಯ. ಪಿಎಸ್‌ಎ 1991ರಲ್ಲಿ ಶುರುವಾಯಿತು. ಅವರು ಮೊಟ್ಟಮೊದಲು ದರ್ಜೆ ಕೊಟ್ಟ ಕಾರ್ಡ್ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಹತ್ತಿರ ಇದ್ದ ಟಿ206 ವ್ಯಾಗ್ನರ್, ದರ್ಜೆ 8. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. 2013ರಲ್ಲಿ, ಮೊದಲು ಅದನ್ನು ಮಾರಿದ್ದ ಬಿಲ್ ಮಾಸ್ಟ್ರೊ ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದೆ ಅಂತ ಒಪ್ಪಿಕೊಂಡರು. ಅಂಚು ಸವರಿದ ಕಾರ್ಡ್‌ಗೆ ಅಂಕಿಯ ದರ್ಜೆಯೇ ಸಿಗಬಾರದು. ಹಾಗಾಗಿ ಪೆಟ್ಟಿಗೆಯೊಳಗಿನ ಕಾರ್ಡನ್ನೂ ನೋಡಿ. ಮೂಲೆ ವಯಸ್ಸಿಗೆ ಮೀರಿ ಚೂಪಾಗಿದೆಯಾ, ಅದೇ ಸೆಟ್‌ನ ಬೇರೆ ಕಾರ್ಡ್‌ಗಿಂತ ಚಿಕ್ಕದಾಗಿ ಕಾಣುತ್ತದಾ ಅಂತ.

ಲೂಪ್‌ಕಣ್ಣು

ಇದಕ್ಕೆ ಜೋಡಿಯಾಗಿ ಈಚಿನದು ಒಂದು. ಪೋಕೆಮಾನ್ ಕಾರ್ಡ್‌ಗಳ 1996ರ ಕಾಲದ ಪರೀಕ್ಷಾ ಮಾದರಿಗಳು ಅಂತ ಕೆಲವು ಕಾರ್ಡ್‌ಗಳು 2024ರಲ್ಲಿ ಮಾರುಕಟ್ಟೆಗೆ ಬಂದವು. ಗ್ರೇಡಿಂಗ್ ಕಂಪನಿಯ ಪೆಟ್ಟಿಗೆಯಲ್ಲೇ ಇದ್ದವು, ಒಳ್ಳೇ ಬೆಲೆಗೂ ಹೋದವು. 2025ರ ಆರಂಭದಲ್ಲಿ ಸಂಗ್ರಾಹಕರೇ ಅವುಗಳ ಸ್ಕ್ಯಾನ್‌ಗಳನ್ನು ದೊಡ್ಡದು ಮಾಡಿ ಬಣ್ಣ ಬೇರ್ಪಡಿಸಿ ನೋಡಿದರು. ಕೆಲವು ಲೇಸರ್ ಪ್ರಿಂಟರ್‌ಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದ ಹಳದಿ ಚುಕ್ಕೆಗಳನ್ನು ಬಿಡುತ್ತವೆ, ಅದರಲ್ಲಿ ಮುದ್ರಣದ ದಿನ ಅಡಗಿರುತ್ತದೆ. ಕೆಲವು ಕಾರ್ಡ್‌ಗಳ ಚುಕ್ಕೆ ಓದಿದರೆ ವರ್ಷ 2024 ಅಂತ ಬಂತು.

ಸಾಮಾನ್ಯ ನಕಲಿಗೆ ಇಷ್ಟು ಕಷ್ಟ ಬೇಕಿಲ್ಲ. ಆಫ್‌ಸೆಟ್ ಮುದ್ರಣದ ಬಣ್ಣವನ್ನು ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನೋಡಿದರೆ ಸಣ್ಣ ಚುಕ್ಕೆಗಳು ಹೂವಿನ ಆಕಾರದಲ್ಲಿ ಕೂತಿರುತ್ತವೆ, ಕಪ್ಪು ಅಕ್ಷರ ಮಾತ್ರ ಗಟ್ಟಿಯಾಗಿ ಇರುತ್ತದೆ. ಅಕ್ಷರವೂ ಚುಕ್ಕೆಚುಕ್ಕೆಯಾಗಿ ಒಡೆದಿದ್ದರೆ ಅದು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು. ಮ್ಯಾಜಿಕ್ ಕಾರ್ಡ್ ಆದರೆ ಹಿಂಬದಿಯ ಹಸಿರು ಗುಂಡಿನೊಳಗೆ ನಾಲ್ಕು ಕೆಂಪು ಚುಕ್ಕೆ ಇಂಗ್ಲಿಷಿನ ಎಲ್ ಆಕಾರದಲ್ಲಿ ಇರಬೇಕು. ಸದಾ ಪಕ್ಕದಲ್ಲಿ ಅದೇ ಕಾಲದ ಒಂದು ಅಗ್ಗದ ಅಸಲಿ ಕಾರ್ಡ್ ಇಟ್ಟುಕೊಂಡು ಹೋಲಿಸಿ.

ಹೊಸಪ್ಯಾಕ್

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ತೆರೆಯದ ಹಳೇ ಬಾಕ್ಸ್‌ಗೂ ಇದೇ ಲೆಕ್ಕಾನಾ?

ಶೂನ್ಯ57

ಅಲ್ಲ. ಅಲ್ಲಿ ಒಳಗಿರುವುದನ್ನು ನೋಡಲು ಆಗುವುದೇ ಇಲ್ಲ. 2021ರ ಕೊನೆಗೆ ಲೋಗನ್ ಪಾಲ್ ಫಸ್ಟ್ ಎಡಿಷನ್ ಬೇಸ್ ಸೆಟ್‌ನ ಬಾಕ್ಸ್‌ಗಳಿದ್ದ ಮುಚ್ಚಿದ ಪೆಟ್ಟಿಗೆ ಅಂತ 35 ಲಕ್ಷ ಡಾಲರ್ ಕೊಟ್ಟರು. ಅಸಲಿ ಅಂತ ತಜ್ಞರ ಪ್ರಮಾಣವೂ ಇತ್ತು. 2022ರ ಜನವರಿಯಲ್ಲಿ ತೆರೆದಾಗ ಒಳಗಿದ್ದದ್ದು ಪೋಕೆಮಾನ್‌ಗೆ ಸಂಬಂಧವೇ ಇಲ್ಲದ ಜಿ.ಐ. ಜೋ ಕಾರ್ಡ್‌ಗಳು. ಅವರಿಗೆ ಹಣ ವಾಪಸ್ ಬಂತು. ತೆರೆಯದ ಬಾಕ್ಸ್‌ನ ಬೆಲೆಯಲ್ಲಿ ದೊಡ್ಡ ಪಾಲು ಅದು ಯಾರ ಕೈಯಿಂದ ಬಂತು ಅನ್ನುವುದಕ್ಕೆ ಸಲ್ಲುತ್ತದೆ. ಅದು ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ.

ಹಳೆಬೈಂಡರ್

ಎಲ್ಲರಿಗೂ ತುಂಬಾ ಧನ್ಯವಾದ. ಕೂತು ನೋಡಿದೆ. ಮುದ್ರೆ ಇಲ್ಲ. ನೆರಳು ಇದೆ. ಕಾಪಿರೈಟ್ ಸಾಲು 98ಕ್ಕೆ ನಿಂತಿದೆ. 25ರ ಗುರುತು ಇಲ್ಲ. ಅಂದರೆ ಅನ್‌ಲಿಮಿಟೆಡ್. ಅದೇ ಸೆಟ್‌ನ ಸಾಮಾನ್ಯ ಕಾರ್ಡ್ ಪಕ್ಕದಲ್ಲಿಟ್ಟು ನೋಡಿದೆ, ಅಚ್ಚು, ಹಿಂಬದಿಯ ನೀಲಿ ಎರಡೂ ಒಂದೇ ಥರ ಇದೆ. ಪಕ್ಕದ ಬೆಳಕಿನಲ್ಲಿ ಹೊಲೊ ಮೇಲೆ ನಾಲ್ಕಾರು ಗೀರು. ಹಿಂದೆ ಕೆಳಗಿನ ಎರಡು ಮೂಲೆ ಬಿಳಿ ಬಿಟ್ಟಿದೆ. ಮಡಿಕೆ ಇಲ್ಲ. ಎಡ ಅಂಚು ಬಲಕ್ಕಿಂತ ಸ್ವಲ್ಪ ಅಗಲ.

ಈಗ ವಿಮೆಗೆ ಬರೆಸುವುದಾದರೆ ಯಾವ ಬೆಲೆ, ಮಾರುವುದಾದರೆ ಯಾವ ಬೆಲೆ? ಎರಡೂ ಒಂದೇನಾ?

ಸ್ಲ್ಯಾಬ್‌ಪ್ರಿಯ

ನೀವು ಹೇಳಿದ್ದು ನೋಡಿದರೆ 9 ಕೂಡ ಬರುವುದಿಲ್ಲ ಸರ್. 5 ಅಥವಾ 6ರ ಆಸುಪಾಸು. ಗ್ರೇಡಿಂಗ್‌ಗೆ ಕಳಿಸಿ ಅಂದಿದ್ದೆ, ಈ ಕಾರ್ಡ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಮಾರುವಾಗ ಗೀರು, ಮೂಲೆ ಎರಡೂ ಸ್ಪಷ್ಟವಾಗಿ ಕಾಣುವ ಫೋಟೊ ಹಾಕಿ. ಫೋಟೊ ಚೆನ್ನಾಗಿದ್ದರೆ ಕೊಳ್ಳುವವರು ಅನುಮಾನಕ್ಕೆ ಅಂತ ಬೆಲೆ ಕಡಿಮೆ ಮಾಡುವುದಿಲ್ಲ.

ಶೂನ್ಯ57

ಎರಡೂ ಒಂದೇ ಅಲ್ಲ. ವಿಮೆಗೆ ಬೇಕಾದದ್ದು ಇದೇ ಸ್ಥಿತಿಯ ಇನ್ನೊಂದನ್ನು ನೀವು ಕೊಳ್ಳಲು ಎಷ್ಟು ಬೇಕು ಅನ್ನುವುದು. ಅದು ಮಾರಾಟದ ಅಂತರದ ಮೇಲಿನ ತುದಿ, ಜೊತೆಗೆ ಸಾಗಣೆ. ನೀವೇ ಮಾರಿದರೆ ನಡುವಿನ ಬೆಲೆಯಿಂದ ತಾಣದ ಶುಲ್ಕ, ಪ್ಯಾಕಿಂಗ್, ಸಾಗಣೆ ಕಳೆದು ಉಳಿದದ್ದು ನಿಮ್ಮದು. ವ್ಯಾಪಾರಿಗೆ ಕೊಟ್ಟರೆ ಇನ್ನೂ ಕಡಿಮೆ, ಏಕೆಂದರೆ ಅವರು ಅದನ್ನು ಇಟ್ಟುಕೊಂಡು ಕಾಯಬೇಕು, ಬೆಲೆ ಇಳಿದರೆ ನಷ್ಟ ಅವರದ್ದು. ಅದು ಮೋಸ ಅಲ್ಲ, ತಕ್ಷಣ ಹಣ ಸಿಗುವುದಕ್ಕೆ ನೀವು ಕೊಡುವ ಬೆಲೆ.

ಹರಾಜಿನ ಸುದ್ದಿ ಓದುವಾಗಲೂ ಇದನ್ನೇ ನೆನಪಿಡಿ. ಟಾಪ್ಸ್ ಕಂಪನಿಯ 1952ರ ಮಿಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡ್ 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು ಅನ್ನುವಾಗ ಅದರಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಟ್ಟ ಪ್ರೀಮಿಯಂ ಕೂಡ ಸೇರಿದೆ. ದೊಡ್ಡ ಹರಾಜುಗಳಲ್ಲಿ ಅದು ಸುಮಾರು ಶೇ 20ರಷ್ಟಿರುತ್ತದೆ. ಕೊಂಡವರು ಕೊಟ್ಟದ್ದೆಲ್ಲ ಮಾರಿದವರ ಕೈಗೆ ಬರುವುದಿಲ್ಲ.

ಕಪ್ಪುತಾವರೆ

ಬರೆದಿಡುವಾಗ ಪಕ್ಕದಲ್ಲಿ ತಾರೀಖು ಹಾಕಿ, ಯಾವ ಮಾರಾಟಗಳನ್ನು ನೋಡಿ ಲೆಕ್ಕ ಹಾಕಿದಿರಿ ಅಂತಲೂ ಬರೆಯಿರಿ. ಮುಂದಿನ ಸಲ ಅದೇ ಪಟ್ಟಿಯಿಂದ ಶುರು ಮಾಡಬಹುದು. ಅನ್‌ಲಿಮಿಟೆಡ್ ಚಾರಿಜಾರ್ಡ್ ಆದ್ದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿದರೆ ಸಾಕು. ಲೋಟಸ್ ಇರುವವರಿಗೆ ಆ ಲೆಕ್ಕ ಇಲ್ಲ, ಇನ್ನೊಂದು ಪ್ರತಿ ಮಾರಾಟವಾದ ದಿನವೇ ಅವರು ಹೊಸದಾಗಿ ಕೂತು ಲೆಕ್ಕ ಹಾಕಬೇಕು.

ಹಳೆಬೈಂಡರ್

ಗೊತ್ತಾಯಿತು. 5 ಮತ್ತು 6 ದರ್ಜೆಯ ಅನ್‌ಲಿಮಿಟೆಡ್, ಹಾಗೇ ಇಂಥದ್ದೇ ಗೀರಿರುವ ಗ್ರೇಡ್ ಆಗದ ಪ್ರತಿಗಳು, ಇವೆರಡರ ಈ ಮೂರು ತಿಂಗಳ ಮಾರಾಟವನ್ನು ಪಟ್ಟಿ ಮಾಡುತ್ತೇನೆ. ಅಡ್ಡಗೆರೆ ಇರುವುದನ್ನು ಒಪ್ಪಿದ ಮೊತ್ತಕ್ಕೆ ಬದಲಾಯಿಸಿ ಇಲ್ಲೇ ಹಾಕುತ್ತೇನೆ, ನೀವೆಲ್ಲ ಒಮ್ಮೆ ಕಣ್ಣಾಡಿಸಿ.